ವಿದೌಟ್ ಫೇಲ್ ಮತ್ತು ಊರಿದ ಹಾರೆ

ನಮ್ಮಪ್ಪನಿಗೆ ಬರುತ್ತಿದ್ದ ಇಂಗ್ಲಿಷು ಎರಡು ಬಗೆಯದು. ಒಂದು, ರೈಲಿನ ಕೆಲಸಕ್ಕೆ ಬೇಕಾದ ಪದಗಳು: ಸಿಗ್ನಲ್, ಪಾಯಿಂಟು, ಲೈನ್ ಕ್ಲಿಯರ್, ಗೂಡ್ಸು. ಇನ್ನೊಂದು, ‘ವಿದೌಟ್ ಫೇಲ್’. ಅಮ್ಮಸಂದ್ರದ ಕಡೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಅವರು ಪಾಯಿಂಟ್ಸ್‌ಮನ್ ಆಗಿದ್ದರು. ಹಳಿ ಬದಲಿಸುವುದು, ಸಿಗ್ನಲ್ ದೀಪಕ್ಕೆ ಎಣ್ಣೆ ಹಾಕುವುದು, ಬತ್ತಿ ಕತ್ತರಿಸುವುದು, ಗಾಜು ಒರೆಸುವುದು ಅವರ ಕೆಲಸ. ನಮ್ಮ ಕ್ವಾರ್ಟರ್ಸಿನಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೆಳಗಿನ ಪ್ಯಾಸೆಂಜರ್ ಹೋಗುವಷ್ಟರಲ್ಲಿ ನನ್ನ ಜಡೆ ಹೆಣೆದಿರಬೇಕು. ಮಧ್ಯಾಹ್ನದ ಗೂಡ್ಸಿನ ಸದ್ದು ಕೇಳಿದರೆ ಅಮ್ಮ ಅನ್ನದ ಗಂಜಿ ಬಸಿಯುತ್ತಿದ್ದರು. ಸಂಜೆಯ ಗಾಡಿ ಬರುವ ಮೊದಲು ಮಗ್ಗಿ ಒಪ್ಪಿಸಿ ಮುಗಿಸಬೇಕು. ಇದನ್ನೆಲ್ಲ ಶಿಸ್ತು ಎಂದು ನಾವು ಯಾರೂ ಕರೆಯುತ್ತಿರಲಿಲ್ಲ. ಹಾಗೆ ನಡೆಯುತ್ತಿತ್ತು, ಅಷ್ಟೆ.

‘ವಿದೌಟ್ ಫೇಲ್’ ಎನ್ನುವುದನ್ನು ಅಪ್ಪ ಸ್ಟೇಷನ್ ಮಾಸ್ಟರ್ ಬಾಯಿಂದ ಕಲಿತಿದ್ದರು. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಅದನ್ನು ಆಡುತ್ತಿರಲಿಲ್ಲ, ಆಡುವಾಗ ದನಿ ಏರಿಸುತ್ತಲೂ ಇರಲಿಲ್ಲ. ಹಾಗೆಂದರೆ ಏನು ಎಂದು ನಾನು ಚಿಕ್ಕವಳಾಗಿದ್ದಾಗ ಕೇಳಿದ್ದೆ.

“ಬಾ ಅಂದ್ರೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಯಾಕೆ ಬರ್ಲಿಲ್ಲ ಅಂತ ಕೇಳ್ತೀನಿ, ನೀನೊಂದು ಕಾರಣ ಹೇಳ್ತೀಯ. ವಿದೌಟ್ ಫೇಲ್ ಬಾ ಅಂದ್ರೆ, ನಾನು ಕಾರಣ ಕೇಳೋದೇ ಇಲ್ಲ ಕಣಮ್ಮ.”

ಆಮೇಲೆ ನಾನು ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದೆ. ನಿಘಂಟು ನೋಡಿದೆ, ಮಕ್ಕಳಿಗೆ ಇಂಗ್ಲಿಷಿನ ನುಡಿಗಟ್ಟುಗಳನ್ನು ಬರೆಸಿದೆ. ಒಂದು ಮಾತಿಗೆ ಒತ್ತು ಕೊಡುವುದು ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ಕಾಣಲಿಲ್ಲ. ನಿಘಂಟಿನಲ್ಲಿ ‘ತಪ್ಪದೆ’ ಎಂದಿದೆ. ಆದರೆ ‘ತಪ್ಪದೆ’ ನಮ್ಮಲ್ಲಿ ಸವೆದುಹೋದ ಪದ. ಪ್ರತಿ ಲಗ್ನಪತ್ರಿಕೆಯ ಕೆಳಗೂ ತಪ್ಪದೆ ಬರಬೇಕೆಂದು ಅಚ್ಚಾಗಿರುತ್ತದೆ. ಅದನ್ನು ನಂಬಿ ಊರಿಗೆ ಊರೇ ಹೋದರೆ ಅಡಿಗೆಯವರು ಓಡಿಹೋಗುತ್ತಾರೆ.

ಎಪ್ಪತ್ತರ ದಶಕ ಅರ್ಧ ಕಳೆದಿದ್ದಾಗ ನನ್ನ ಮದುವೆಯಾಯಿತು. ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಊರು, ತೆಂಗಿನ ತೋಟದ ಮನೆ. ನಮ್ಮೆಜಮಾನರು ಹೆಚ್ಚು ಮಾತಾಡದ ಮನುಷ್ಯ. ತೋಟಕ್ಕೆ ಹೋದರೆ ತೋಟ, ಮನೆಗೆ ಬಂದರೆ ಮನೆ. ಯಜಮಾನಿಕೆ ಮಾವನವರದು, ಅಡಿಗೆಮನೆ ಅತ್ತೆಯವರದು. ಆ ಮನೆಯಲ್ಲಿ ಗೋಡೆ ಗಡಿಯಾರವಿತ್ತು. ಆದರೆ ಅದನ್ನು ನೋಡಿ ಯಾರೂ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ.

ಮೊದಲ ಆರು ತಿಂಗಳು ನಾನು ಕಷ್ಟಪಟ್ಟು ಕಲಿತದ್ದು ಆ ಊರಿನವರು ಒಪ್ಪಿಗೆ ಹೇಳುವ ರೀತಿಯನ್ನು. ‘ನೋಡಾನ’ ಎಂದರೆ ಇಲ್ಲ. ‘ಆಗ್ಲಿ ಬುಡು’ ಎಂದರೂ ಇಲ್ಲವೇ, ಆದರೆ ನಿಮ್ಮ ಮೇಲೆ ಪ್ರೀತಿ ಇದೆ. ‘ಬತ್ತೀನಿ’ ಎಂದರೆ ಆ ದಾರಿಯಲ್ಲಿ ಬೇರೆ ಕೆಲಸ ಬಿದ್ದರೆ ಬರುತ್ತಾರೆ. ‘ಖಂಡಿತ ಬತ್ತೀನಿ’ ಎಂದರೆ ಆ ಹೊತ್ತಿಗೆ ಬೇರೆ ಯಾರಿಗೋ ಮಾತು ಕೊಟ್ಟಾಗಿದೆ. ಸುಳ್ಳು ಹೇಳಬೇಕೆಂದು ಯಾರೂ ಹೀಗೆ ಹೇಳುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ಸಣ್ಣದಾಗಬಾರದು, ಅದಷ್ಟೇ ಅವರ ಲೆಕ್ಕ. ಆದರೆ ಸಂಜೆಯ ಗಾಡಿಗೆ ದೀಪ ಹಚ್ಚುವವರ ಮನೆಯಿಂದ ಬಂದವಳಿಗೆ ಇದು ತಲೆನೋವು.

ಮದುವೆಗೆ ಮುಂಚೆಯೇ ನಾನು ಉಪಾಧ್ಯಾಯರ ತರಬೇತಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅದರ ಆಸೆ ಬಿಟ್ಟಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಮದುವೆಯಾದ ಎರಡನೆಯ ವರ್ಷ ಒಂದು ಮಂಗಳವಾರ ಆದೇಶ ಬಂತು. ಹಂದನಕೆರೆಯ ಕಡೆ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ಮುಂದಿನ ಸೋಮವಾರ ಬೆಳಗ್ಗೆ ಹತ್ತೂವರೆಯೊಳಗೆ ಹೋಗಿ ಹಾಜರಾಗಬೇಕು. ಹಾಜರಾಗದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿರುವವರಿಗೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಆ ಕಾಗದದ ಮೂರನೆಯ ಸಾಲಿನಲ್ಲಿ ‘ವಿದೌಟ್ ಫೇಲ್’ ಎಂದಿತ್ತು. ಅದನ್ನು ಅಪ್ಪನ ದನಿಯಲ್ಲೇ ಓದಿಕೊಂಡೆ. ಕಾರಣ ಕೇಳುವುದಿಲ್ಲ.

ಹಂದನಕೆರೆಯಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ವಾರವೆಲ್ಲ ಅಲ್ಲಿದ್ದು ಶನಿವಾರ ಮಧ್ಯಾಹ್ನ ಊರಿಗೆ ಬರಬಹುದು. ಯಜಮಾನರಿಗೆ ಹೇಳಿದೆ. ಅವರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, “ಅಪ್ಪನ್ನ ಕೇಳು. ನಂದೇನೂ ಅಡ್ಡಿ ಇಲ್ಲ” ಎಂದರು.

ಮಾವನವರು ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಬೇಡ ಎನ್ನಲಿಲ್ಲ. ಅಂಗಳದ ಕಡೆ ಕೈ ತೋರಿಸಿದರು.

“ಅದ್ನ ನೋಡಮ್ಮ. ಹೊಸ ಕಾಯಿ ಬಿದ್ದು ಎಂಟು ದಿನ ಆಯ್ತು. ಅಟ್ಟದ ಮ್ಯಾಲೆ ಹೋದ ವರ್ಷದ್ದು ಅಂಗೇ ಐತೆ. ಅದು ಇಳೀದೆ ಇದು ಹತ್ತಂಗಿಲ್ಲ. ನಿಮ್ಮತ್ತೆಗೆ ಕಣ್ಣು ಮಂಜು. ಕೊಬ್ಬರಿ ಆರಿಸೋಳು ನೀನು. ಅಟ್ಟ ಖಾಲಿ ಮಾಡ್ಕೊಟ್ಟು ಹೋಗು. ಆಮೇಲೆ ನಾನು ಅಡ್ಡ ಬಂದ್ರೆ ಕೇಳು.”

ನ್ಯಾಯವಾದ ಮಾತೇ. ನಮ್ಮ ಸೀಮೆಯ ಕೊಬ್ಬರಿ ಅವಸರದ ಬೆಳೆಯಲ್ಲ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ತಾನೇ ಬಿಟ್ಟುಕೊಂಡು, ಅಲುಗಿಸಿದರೆ ಲೊಟಲೊಟ ಎನ್ನಬೇಕು. ಆಗ ಮಟ್ಟೆ ಸುಲಿದು, ಕರಟವನ್ನು ಮಚ್ಚಿನಿಂದ ಹುಷಾರಾಗಿ ಒಡೆದರೆ ಒಳಗಿಂದ ಚೆಂಡಿನಂಥ ಇಡೀ ಗಿಟುಕು ಬರುತ್ತದೆ. ಮಚ್ಚು ಕೊಂಚ ಆಳಕ್ಕೆ ಇಳಿದರೂ ಗಿಟುಕು ಗಾಯವಾಗಿ ಚೂರಿನ ಗುಡ್ಡೆಗೆ ಹೋಗುತ್ತದೆ. ಒಡೆದದ್ದನ್ನು ಆಗಿಂದಾಗಲೇ ಒಬ್ಬರು ಕೂತು ಒರೆಸಿ, ಮೂಸಿ, ಕವಟು ವಾಸನೆ ಬಂದದ್ದನ್ನು ಬೇರೆ ಹಾಕಿ ಆರಿಸಬೇಕು. ಆ ವರ್ಷ ನಮ್ಮ ಅಟ್ಟದಲ್ಲಿ ನಾಲ್ಕು ಸಾವಿರ ಕಾಯಿಗೆ ಮೇಲಿತ್ತು. ನಾಲ್ಕು ಜನ ಸುಲಿಯುವವರು ಕೂತರೆ ಪೂರಾ ಎರಡು ದಿನದ ಕೆಲಸ.

ತೊಡಕು ಇದ್ದದ್ದು ಆ ನಾಲ್ಕು ಜನರಲ್ಲಿ. ಸುತ್ತಿನ ಊರುಗಳಿಗೆಲ್ಲ ಕಾಯಿ ಸುಲಿಯುವ ತಂಡ ಅದೊಂದೇ. ತಂಡದ ಹಿರಿಯ ನಮ್ಮೂರಿನವನೇ, ಐವತ್ತು ದಾಟಿದ ಗಟ್ಟಿ ಆಳು. ಯುಗಾದಿಯಿಂದಲೂ ನಮ್ಮ ಮಾವನವರಿಗೆ ಅವನು ‘ಖಂಡಿತ’ ಎನ್ನುತ್ತಲೇ ಬಂದಿದ್ದ.

ಬುಧವಾರ ಬೆಳಗ್ಗೆ ನಾನೇ ಅವನ ಮನೆಗೆ ಹೋದೆ. ಹೋಗುವಾಗ ಮನಸ್ಸಿನಲ್ಲಿ ವೇಳಾಪಟ್ಟಿ ಹಾಕಿಕೊಂಡಿದ್ದೆ. ಶುಕ್ರವಾರ ಶುರು, ಶನಿವಾರ ಮುಕ್ತಾಯ, ಭಾನುವಾರ ಬಟ್ಟೆ ಒಗೆದು ಟ್ರಂಕು ಕಟ್ಟುವುದು. ಅವನು ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ, ನನ್ನನ್ನು ಕಂಡು ಬೀಡಿ ಆರಿಸಿ ಎದ್ದುನಿಂತ.

“ಶುಕ್ರವಾರ ಬೆಳಗ್ಗೆ ನಮ್ಮ ಮನೆಗೆ ಬರ್ಬೇಕು ಕಣಪ್ಪ. ವಿದೌಟ್ ಫೇಲ್.”

“ಅಂಗಂದ್ರೇನವ್ವ?”

“ತಪ್ಪಿಸೋ ಹಾಗೇ ಇಲ್ಲ ಅಂತ. ಏನೇ ಆದ್ರೂ ಬರ್ಬೇಕು ಅಂತ.”

ಅವನು ನಕ್ಕ. “ಏನೇ ಆದ್ರೂವಾ? ಮಳೆ ಬಂದ್ರೂವಾ?”

“ಮಳೆ ಬಂದ್ರೂ.”

“ನಾನು ಹಾಸ್ಗೆ ಹಿಡುದ್ರೂವಾ?”

“ಹಿಡಿದ್ರೂ.”

“ನಮ್ಮವ್ವ ಹೋಗ್ಬುಟ್ರೂವಾ?”

ಅವನು ಇದನ್ನೂ ನಗುತ್ತಲೇ ಕೇಳಿದ್ದ, ಹಾಗಾಗಿ ನಾನೂ ಅದೇ ದನಿಯಲ್ಲಿ “ಏನೇ ಆದ್ರೂ” ಎಂದುಬಿಟ್ಟೆ. ಅವನ ನಗೆ ನಿಂತಿತು. ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ “ಖಂಡಿತ ಬತ್ತೀನಿ, ಹೋಗವ್ವ” ಎಂದು ಒಳಗೆ ಹೋದ. ಅಷ್ಟು ಒತ್ತಿ ಹೇಳಿ ಬಂದೆನಲ್ಲ, ಬರದೆ ಇರುತ್ತಾನೆಯೇ ಎಂದು ನಾನು ಧೈರ್ಯವಾಗಿ ಮನೆಗೆ ನಡೆದೆ.

ಶುಕ್ರವಾರ ಯಾರೂ ಬರಲಿಲ್ಲ. ಅಟ್ಟಕ್ಕೆ ಏಣಿ ಹಾಕಿಸಿದ್ದೆ, ಚಾಪೆ ಹಾಸಿದ್ದೆ, ಮಜ್ಜಿಗೆ ಕಡೆದಿಟ್ಟಿದ್ದೆ. ಎಂಟಾಯಿತು, ಒಂಬತ್ತಾಯಿತು. ಮಾವನವರು ಒಂದು ಸಲ ಬಂದು ಚಾಪೆಗಳನ್ನು ನೋಡಿ, ಏನೂ ಹೇಳದೆ ತೋಟಕ್ಕೆ ಹೋದರು. ಅವರು ಏನಾದರೂ ಅಂದಿದ್ದರೆ ವಾಸಿಯಿತ್ತು.

ಅತ್ತೆಯವರು ಅವರೆಕಾಳು ಹಿಸುಕುತ್ತಾ ಕೂತಿದ್ದರು. ನನ್ನ ಮುಖ ಕಾಣದಿದ್ದರೂ ನಾನು ನೆಲದ ಮೇಲೆ ಹೆಜ್ಜೆ ಹಾಕುವ ಸದ್ದಿನಿಂದಲೇ ಅವರಿಗೆ ಗೊತ್ತಾಗಿತ್ತು.

“ಅವ್ನಿಗೆ ಏನಂದ್ಬಂದೆ, ಒಂದಕ್ಷರ ಬುಡ್ದಂಗೆ ಹೇಳು” ಎಂದರು.

ಹೇಳಿದೆ. ಕಾಳು ಹಿಸುಕುವ ಕೈ ನಿಂತಿತು.

“ಏನೇ ಆದ್ರೂ ಅಂದ್ಯಾ? ಅವ್ರವ್ವ ಮಲಗಿ ಮೂರು ತಿಂಗ್ಳಾಯ್ತು ಕಣೇ. ಆ ಮಾತಿಗೆ ಹೂಂ ಅಂತ ಅವ್ನು ಹೆಂಗಂದಾನು? ಹೂಂ ಅಂದ್ರೆ ಆಗೋದ್ನ ಬಾ ಅಂತ ಕರ್ದಂಗಲ್ವಾ?”

“ನನಗೆ ಗೊತ್ತಿರ್ಲಿಲ್ಲ ಅತ್ತೆ.”

“ಗೊತ್ತಿಲ್ದಿದ್ರೂವೆ. ದೇವ್ರಿಗೆ ಒಂದು ಬೆರಳಷ್ಟು ಸಂದಿ ಬುಡ್ಬೇಕು ಮಾತ್ನಾಗೆ. ದೇವ್ರು ನಡ್ಸಿದ್ರೆ ಅಂತ ಒಂದು ಮಾತು ಸೇರ್ಸಿದ್ರೆ ನಿನ್ ಗಂಟೇನು ಹೋಯ್ತಿತ್ತು?”

ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟೆ. ಅಪ್ಪ ಹೇಳಿಕೊಟ್ಟ ಅರ್ಥ ಹಳಿಗೂ ದೀಪಕ್ಕೂ ಸರಿ. ಹಳಿಗೆ ತಾಯಿ ಇಲ್ಲ. ಮನುಷ್ಯನ ಮುಂದೆ ಆ ಮಾತನ್ನು ಅದೇ ಅಳತೆಯಲ್ಲಿ ಇಟ್ಟದ್ದು ನನ್ನ ತಪ್ಪು. ನಮ್ಮ ಸೀಮೆಯಲ್ಲಿ ಒಂದು ಮಾತನ್ನು ನಾಲ್ಕೂ ಕಡೆಯಿಂದ ಮುಚ್ಚಿದರೆ ಅದು ಬಲವಾಗುವುದಿಲ್ಲ, ಅಪಶಕುನವಾಗುತ್ತದೆ.

“ಈಗೇನು ಮಾಡ್ಲಿ?” ಎಂದೆ.

“ನಿಂಗೆ ಬೇಕಿರೋದು ಮಾತಲ್ಲ, ಹಾರೆ. ಅವ್ನು ಯಾರ ಅಂಗಳದಾಗೆ ಹಾರೆ ಊರ್ತಾನೋ ಆ ಮನೆ ಕೆಲ್ಸ ಮುಗಿಯೋಗಂಟ ಕೀಳಲ್ಲ. ಅವ್ರಪ್ಪನೂ ಅಂಗೇ ಇದ್ದ. ಬಾಯ್ನಾಗೆ ನೂರು ಜನಕ್ಕೆ ಹೂಂ ಅಂತಾನೆ, ಹಾರೆ ಊರೋದು ಒಂದೇ ಕಡೆ.”

ಸುಲಿಯುವವರ ಹಾರೆ ಎಂದರೆ ಎದೆಮಟ್ಟದ ಕಬ್ಬಿಣದ ಸಲಾಕೆ. ಅದನ್ನು ನೆಲಕ್ಕೆ ಊರಿ, ಮೇಲಿನ ಚೂಪು ತುದಿಗೆ ಕಾಯಿಯನ್ನು ಬಡಿದು ತಿರುವಿದರೆ ಮಟ್ಟೆ ಸೀಳಿಕೊಳ್ಳುತ್ತದೆ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಅದೊಂದು ಸಾಮಾನು ಎಂದು ಗೊತ್ತಿತ್ತೇ ಹೊರತು, ಅದು ಹೀಗೊಂದು ಮಾತನ್ನೂ ಆಡುತ್ತದೆ ಎಂದು ಗೊತ್ತಿರಲಿಲ್ಲ.

ಸೆರಗು ಸಿಕ್ಕಿಸಿಕೊಂಡು ಹೊರಟೆ. ತಂಡ ಅವತ್ತು ಕೆರೆಯ ಆಚೆ ಒಂದು ತೋಟದ ಮನೆಯಲ್ಲಿ ಇತ್ತು. ಕೊನೆಯ ಗುಡ್ಡೆ ಸುಲಿಯುತ್ತಿದ್ದರು. ಹಿರಿಯ ನನ್ನನ್ನು ನೋಡಿದ, ಕೈ ನಿಲ್ಲಿಸಲಿಲ್ಲ.

“ಏನವ್ವ, ರೈಲು ಹೊಂಟೋಯ್ತಾ?” ಎಂದ. ಉಳಿದ ಮೂವರು ತಲೆ ತಗ್ಗಿಸಿ ನಕ್ಕರು.

“ಇನ್ನೂ ಇಲ್ಲ. ಮೊನ್ನೆ ನಾನು ಅಂದದ್ದು ತಪ್ಪು ಕಣಪ್ಪ. ನಿಮ್ಮವ್ವ ಚೆನ್ನಾಗಿರ್ಲಿ. ನನಗೆ ಸೋಮವಾರ ಇಸ್ಕೂಲಿಗೆ ಹೋಗಿ ಸೇರ್ಕೋಬೇಕು, ತಪ್ಪಿದ್ರೆ ಕೆಲ್ಸ ಬೇರೆಯವ್ರಿಗೆ. ಅಟ್ಟ ಇಳಿದ್ರೆ ಕಳಿಸ್ತೀನಿ ಅಂದಿದಾರೆ ಮಾವ. ದೇವ್ರು ನಡೆಸಿದ್ರೆ ನಾಳೆ ಬಾ.”

ಕಾಯಿ ಬಡಿಯುವುದು ನಿಂತಿತು.

“ಈಗ ಸರಿಯಾಗಂದೆ” ಎಂದ. ಆಮೇಲೆ ತಲೆ ಕೆರೆದುಕೊಂಡ. “ನಾಳೀಕೆ ತಿಪಟೂರಿನ ಸಾವ್ಕಾರ್ರಿಗೆ ಖಂಡಿತ ಅಂದಿವ್ನಲ್ಲವ್ವ.”

“ಅಲ್ಲಿ ಹಾರೆ ಊರಿದೀಯಾ?”

“ಇಲ್ಲ.”

“ಹಾಗಾದ್ರೆ ಕೊಡು” ಎಂದೆ. ಉಳಿದಿದ್ದ ಎರಡು ಕಾಯಿ ಸುಲಿದು ಅವನು ಹಾರೆಯನ್ನು ಕಿತ್ತು ಗೋಡೆಗೆ ಒರಗಿಸುವವರೆಗೆ ಕಾದೆ. ನಾನು ಅದನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡೆ. ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ತಿರುಗಿ ನೋಡದೆ ನಡೆದೆ.

ಹಿಂದಿನಿಂದ ಕೂಗು. “ಅವ್ವಾ, ಬುಡವ್ವ, ಏನಿದು, ಹೆಣ್ಮಗ್ಳು ಅದ್ನ ಹೊರಬಾರ್ದು, ನಾನೇ ತತ್ತೀನಿ.” ಎಂದೂ ಯಾರೂ ಅವನ ಹಾರೆಯನ್ನು ಕೇಳಿ ಪಡೆದಿರಲಿಲ್ಲವಂತೆ, ಹೊತ್ತುಕೊಂಡು ಹೋದದ್ದಂತೂ ಇಲ್ಲವೇ ಇಲ್ಲ. ಕೆರೆ ಏರಿಯ ಮೇಲೆ ನಾನು ಮುಂದೆ, ಅವನು ಹಿಂದೆ, ಅವನ ಹಿಂದೆ ಉಳಿದ ಮೂವರು. ಊರ ಬಾವಿಯ ಹತ್ತಿರ ನೀರು ಸೇದುತ್ತಿದ್ದ ಪಕ್ಕದ ಮನೆಯಾಕೆ ಹಗ್ಗ ಹಿಡಿದು ನಿಂತುಬಿಟ್ಟರು.

“ಏನೇ ಇದು, ದೊಡ್ಮನೆ ಸೊಸೆ ಕೂಲಿಗೆ ಹೊಂಟ್ಯಾ?”

“ಹೂಂ ಅಕ್ಕ. ಸೋಮವಾರದಿಂದ” ಎಂದೆ.

ನಮ್ಮ ಅಂಗಳಕ್ಕೆ ಬಂದಮೇಲೆ ಅವನು ಹಾರೆಯನ್ನು ನನ್ನ ಕೈಯಿಂದ ಕಿತ್ತುಕೊಂಡ. “ಊರೋದಾದ್ರೂ ನಂಗೆ ಬುಡವ್ವ, ಮರ್ಯಾದೆ ಐತೆ” ಎಂದು ಅಟ್ಟದ ಏಣಿಗೆ ಹತ್ತಿರ ಒಳ್ಳೆಯ ಜಾಗ ನೋಡಿ, ಎರಡೂ ಕೈಯಿಂದ ಎತ್ತಿ ಕುಕ್ಕಿದ. ಮೂರು ಏಟಿಗೆ ಅಲುಗದಂತೆ ನಿಂತಿತು. ಅತ್ತೆಯವರು ಒಳಗಿನಿಂದಲೇ ಆ ಸದ್ದು ಕೇಳಿ, ಮತ್ತೆ ಕಾಳು ಹಿಸುಕತೊಡಗಿದರು.

ಸಂಜೆ ತೋಟದಿಂದ ಬಂದ ಮಾವನವರು ಅಂಗಳದ ನಡುವೆ ನಿಂತ ಹಾರೆಯನ್ನು ನೋಡಿ, ಅದರ ಸುತ್ತ ಒಂದು ಸಲ ನಡೆದು, “ಅಂಗಳದಾಗಿರೋ ಕುರ್ಚಿ ತೆಗೆದು ಆಚೆಗಾಕು. ನಾಳೆ ಇಲ್ಲಿ ಜಾಗ ಬೇಕು” ಎಂದು ನನ್ನ ಯಜಮಾನರಿಗೆ ಹೇಳಿದರು.

ಶನಿವಾರ ಸೂರ್ಯ ಹುಟ್ಟುವಷ್ಟರಲ್ಲಿ ನಾಲ್ಕೂ ಜನ ಬಂದರು. ನನ್ನ ಕೈಗೆ ಒಂದು ಕೆಲಸ ಸಿಕ್ಕಿತಲ್ಲ, ಅದನ್ನು ನಾನು ನನಗೆ ಗೊತ್ತಿದ್ದ ರೀತಿಯಲ್ಲೇ ಜೋಡಿಸಿದೆ. ಯಜಮಾನರು ಅಟ್ಟದ ಮೇಲಿಂದ ಕಾಯಿ ಉರುಳಿಸುವುದು, ಇಬ್ಬರು ಸುಲಿಯುವುದು, ಇಬ್ಬರು ಕರಟ ಒಡೆಯುವುದು, ನನ್ನದು ಆರಿಸುವುದು. ಒಳ್ಳೆಯದಕ್ಕೆ ಒಂದು ಚಾಪೆ, ಚೂರಿಗೆ ಒಂದು, ಕವಟಿಗೆ ಒಂದು. ಹತ್ತು ಗಂಟೆಗೆ ಮಜ್ಜಿಗೆ, ಹನ್ನೆರಡೂವರೆಗೆ ಮುದ್ದೆ, ಮೂರೂವರೆಗೆ ಬೆಲ್ಲದ ಕಾಫಿ. ಮೊದಲ ಸಲ ಮಜ್ಜಿಗೆ ಬಂದಾಗ ಹಿರಿಯ ಗಡಿಯಾರದ ಕಡೆ ಕತ್ತೆತ್ತಿ ನೋಡಿದ.

“ಇದೇನವ್ವ, ಮನೆಯೋ ಟೇಸನ್ನೋ?”

“ಕುಡಿದು ಹೇಳು.”

ಕುಡಿದ. “ಬಾಯಾರೋಕ್ಮುಂಚೆ ಬಂದೈತೆ. ಇಂಗೆ ಕೊಟ್ರೆ ಕೈ ಓಡ್ತದೆ ಬುಡು” ಎಂದ. ನಿಜವಾಗಿಯೂ ಓಡಿತು. ಸಂಜೆ ಹಸು ಮನೆಗೆ ಬರುವ ಹೊತ್ತಿಗೆ ಅಟ್ಟದ ಅರ್ಧ ಇಳಿದಿತ್ತು. ಮಟ್ಟೆಯ ಗುಡ್ಡೆ ದನದ ಕೊಟ್ಟಿಗೆಯ ಸೂರು ಮುಟ್ಟಿತ್ತು.

ಭಾನುವಾರ ಮೂವರೇ ಬಂದರು. ಕರಟ ಒಡೆಯುವ ಒಬ್ಬನಿಗೆ ಜ್ವರ. ಒಡೆಯುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಕೈ ಪಳಗಿರಬೇಕು, ಇಲ್ಲದಿದ್ದರೆ ಇಡೀ ಗಿಟುಕೆಲ್ಲ ಚೂರಾಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಲೆಕ್ಕ ನನಗೆ ಕಾಣತೊಡಗಿತು. ಸುಲಿದ ಕಾಯಿ ರಾಶಿಯಾಗುತ್ತಿತ್ತು, ಒಡೆಯುವವನು ಒಬ್ಬನೇ. ಈ ವೇಗದಲ್ಲಿ ಸಂಜೆಗೆ ನಾಲ್ಕರಲ್ಲೊಂದು ಪಾಲು ಉಳಿಯುತ್ತದೆ. ಯಜಮಾನರು ಮಚ್ಚು ಹಿಡಿದು ನೋಡಿದರು. ಮೊದಲ ಐದರಲ್ಲಿ ಮೂರು ಗಾಯವಾದವು. ಅವರೇ ಮಚ್ಚು ಕೆಳಗಿಟ್ಟು ಅಟ್ಟಕ್ಕೆ ಹತ್ತಿಹೋದರು.

ಹಿರಿಯ ನನ್ನ ಕಡೆ ನೋಡಿ, “ಹಾರೆ ಊರಿವ್ನಿ ಕಣವ್ವ, ಓಡೋಗಲ್ಲ. ಆದ್ರೆ ಕೈ ಎರಡೇ ಅವೆ” ಎಂದ.

ಮಾವನವರು ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ನಾನು ಅವರನ್ನು ಏನೂ ಕೇಳಲಿಲ್ಲ. ಕೇಳುವುದಕ್ಕೆ ಇದ್ದದ್ದಾದರೂ ಏನು? ಅಟ್ಟ ಖಾಲಿಯಾಗಬೇಕು ಎಂದಿದ್ದರು, ಆಗುತ್ತಿರಲಿಲ್ಲ. ಗಿಟುಕು ಒರೆಸುತ್ತಾ ತಲೆ ತಗ್ಗಿಸಿ ಕೂತಿದ್ದೆ. ಆಗ ನನ್ನ ಪಕ್ಕದಲ್ಲಿ ಯಾರೋ ಮಣೆ ಎಳೆದುಕೊಂಡ ಸದ್ದಾಯಿತು.

ಮಾವನವರು ಪಂಚೆಯನ್ನು ಮೇಲಕ್ಕೆ ಕಟ್ಟಿ, ಮಚ್ಚಿನ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಅವರು ನೆಲಕ್ಕೆ ಕೂತು ಕೊಬ್ಬರಿ ಒಡೆದದ್ದನ್ನು ನನ್ನ ಯಜಮಾನರೂ ಕಂಡಿರಲಿಲ್ಲ.

“ಗೌಡ್ರೇ, ನೀವ್ಯಾಕೆ?” ಎಂದು ಹಿರಿಯ ಎದ್ದ.

“ಕೂತ್ಕಳಲಾ. ನಿಮ್ಮಪ್ಪಂಗೆ ಕಲಿಸಿದ್ದು ನಾನು.”

ಒಂದು ಕಾಯಿ ಎತ್ತಿಕೊಂಡರು. ಕಿವಿಯ ಹತ್ತಿರ ಅಲುಗಿಸಿದರು. ಮಚ್ಚಿನ ಬೆನ್ನಿನಿಂದ ಸುತ್ತ ನಾಲ್ಕು ಏಟು, ಅಲಗಿನಿಂದ ಒಂದು. ಕರಟ ಎರಡು ಹೋಳಾಗಿ ಬಿದ್ದು ಇಡೀ ಗಿಟುಕು ನನ್ನ ಚಾಪೆಗೆ ಉರುಳಿತು. ಮೇಲೆ ಒಂದು ಗೀರೂ ಇರಲಿಲ್ಲ.

“ನೋಡ್ತಾ ಕೂತ್ರೆ ಆಯ್ತದಾ? ಆರಿಸು” ಎಂದರು.

ಮುಂದಿನ ಆರು ಗಂಟೆ ಅವರು ಎರಡೇ ಸಲ ಎದ್ದದ್ದು. ಮುದ್ದೆಗೆ ಒಮ್ಮೆ, ಬೆನ್ನು ನೆಟ್ಟಗೆ ಮಾಡಲು ಒಮ್ಮೆ. ಹಿರಿಯನಿಗೂ ಅವರಿಗೂ ಮಾತಿಲ್ಲದೆ ಒಂದು ಪಂದ್ಯ ನಡೆಯುತ್ತಿತ್ತು. ಮಾವನವರ ಕೈಯಲ್ಲಿ ಒಂದು ಗಿಟುಕು ಗಾಯವಾದಾಗ, “ಗೌಡ್ರದ್ದೂ ಚೂರಿಗೋಯ್ತು” ಎಂದು ಅವನು ಜೋರಾಗಿ ಹೇಳಿದ. “ಅದು ಮಂಗಳಾರತಿಗೆ ಇಟ್ಟಿದ್ದು ಕಣ್ಲಾ” ಎಂದು ಮಾವನವರು ಅದನ್ನು ಅತ್ತೆಯ ಮಡಿಲಿಗೆ ಎಸೆದರು. ಅತ್ತೆ ಅದರ ಚೂರೊಂದನ್ನು ಬಾಯಿಗೆ ಹಾಕಿಕೊಂಡು, “ಸಿಹಿ ಐತೆ. ಈ ಸಲದ್ದು ಒಳ್ಳೆ ಮಾಲು” ಎಂದು ತೀರ್ಪು ಕೊಟ್ಟರು.

ಐದೂ ಕಾಲಿಗೆ ಯಜಮಾನರು ಅಟ್ಟದಿಂದ ಬಗ್ಗಿ, “ಇದೇ ಕೊನೇದು” ಎಂದು ಒಂದು ಕಾಯಿ ಉರುಳಿಸಿದರು. ಅದನ್ನು ಹಿರಿಯ ಸುಲಿದ, ಮಾವನವರು ಒಡೆದರು, ನಾನು ಒರೆಸಿ ಒಳ್ಳೆಯ ಚಾಪೆಗೆ ಹಾಕಿದೆ. ಪೊರಕೆ ತೆಗೆದುಕೊಂಡು ಏಣಿ ಹತ್ತಿ ಅಟ್ಟವನ್ನು ನಾನೇ ಗುಡಿಸಿದೆ. ಹೆಂಚಿನ ಸಂದಿಯಿಂದ ಬಂದ ಬಿಸಿಲು ಖಾಲಿ ಹಲಗೆಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ಅಷ್ಟು ದೊಡ್ಡ ಅಟ್ಟವನ್ನು ಖಾಲಿಯಾಗಿ ನಾನು ಅದೇ ಮೊದಲು ನೋಡಿದ್ದು. ಅಲ್ಲೇ ನಿಂತು ಯಾರಿಗೂ ಕೇಳಿಸದಂತೆ ಒಂದು ಸಲ ನಕ್ಕೆ.

ಇಳಿದು ಬಂದಾಗ ಹಿರಿಯ ಹಾರೆ ಕಿತ್ತು ಮಣ್ಣು ಒರೆಸುತ್ತಿದ್ದ. “ಸಾವ್ಕಾರ್ರು ಬೈಯಲ್ವಾ?” ಎಂದು ಕೇಳಿದೆ. “ಬೈಲಿ ಬುಡವ್ವ. ನಾಳೀಕೆ ಖಂಡಿತ ಬತ್ತೀನಿ ಅಂತ ಹೇಳ್ಕಳಿಸಿವ್ನಿ” ಎಂದ. ಅವನ ತಾಯಿಗೆ ಎಂದು ಒಂದು ಚೊಂಬು ಹಾಲು ಕೊಟ್ಟು ಕಳಿಸಿದೆ.

ಮಾವನವರು ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದರು. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು.

“ಬಸ್ಸು ಎಷ್ಟೊತ್ತಿಗೆ?” ಎಂದರು.

“ಆರೂ ಇಪ್ಪತ್ತಕ್ಕೆ.”

“ಐದೂವರೆಗೆ ಗಾಡಿ ಕಟ್ಟಿಸ್ತೀನಿ. ಟ್ರಂಕು ಹೊತ್ಕಂಡು ನಡೀಬೇಡ” ಎಂದರು. ನಾನು ಏನೋ ಹೇಳಲು ಬಾಯಿ ತೆರೆದೆ. “ಹೋಗು, ಬಟ್ಟೆ ಒಗ್ಕೋ” ಎಂದು ಒಳಗೆ ಹೋದರು. ನನ್ನ ವೇಳಾಪಟ್ಟಿಯಲ್ಲಿ ಉಳಿದದ್ದು ಅದೊಂದೇ. ಬಟ್ಟೆ ಒಣಗಲಿಲ್ಲ. ಹಸಿಯಾಗಿಯೇ ಮಡಿಸಿ ಟ್ರಂಕಿಗಿಟ್ಟೆ.

ಸೋಮವಾರ ಆರೂ ಇಪ್ಪತ್ತರ ಬಸ್ಸು ಆರೂ ಐವತ್ತಕ್ಕೆ ಬಂತು. ನಾನು ಅದಕ್ಕೂ ಜಾಗ ಬಿಟ್ಟಿದ್ದೆ. ತಿಪಟೂರಿನಲ್ಲಿ ಇಳಿದು ಇನ್ನೊಂದು ಬಸ್ಸು, ಹಂದನಕೆರೆಯಲ್ಲಿ ಟ್ರಂಕನ್ನು ಚಿಕ್ಕಮ್ಮನ ಮನೆಯ ಬಾಗಿಲಲ್ಲಿ ಇಳಿಸಿ, ಅಲ್ಲಿಂದ ರಾಗಿ ಹೊಲಗಳ ನಡುವೆ ಎರಡು ಮೈಲಿ ನಡಿಗೆ. ಚಿಕ್ಕಮ್ಮ ಕಾಫಿ ಕುಡಿದು ಹೋಗು ಎಂದರು. ಸಂಜೆಗೆ ಎಂದೆ.

ಶಾಲೆ ಎರಡು ಕೊಠಡಿಯದು. ಮುಂದೆ ಒಂದು ಹೊಂಗೆ ಮರ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ಮಕ್ಕಳನ್ನು ಸಾಲು ಮಾಡಿಸುತ್ತಿದ್ದರು. ಬಿಳಿ ಟೋಪಿ, ದಪ್ಪ ಕನ್ನಡಕ. ಆದೇಶದ ಕಾಗದವನ್ನು ಕೊಟ್ಟೆ. ಓದಿ, ಜೇಬಿನ ಗಡಿಯಾರ ತೆಗೆದು ನೋಡಿದರು.

“ಹತ್ತಕ್ಕಿನ್ನೂ ಹನ್ನೆರಡು ನಿಮಿಷ ಇದೆ. ಹತ್ತೂವರೆಗೆ ಬಂದಿದ್ರೂ ನಡೀತಿತ್ತು ಕಣಮ್ಮ.”

“ಗೊತ್ತು ಸಾರ್.”

“ನಿಮಗೆ ಮುಂಚೆ ಇಬ್ಬರಿಗೆ ಈ ಆರ್ಡರ್ ಕಳಿಸಿದ್ರು. ಒಬ್ರೂ ಬರ್ಲಿಲ್ಲ. ನೀವೂ ಬರಲ್ಲ ಅಂತ್ಲೇ ನಾನು ಎರಡು ಕ್ಲಾಸನ್ನೂ ಒಂದೇ ಕಡೆ ಕೂರಿಸಿದ್ದೆ.” ಒಳಗೆ ಕರೆದುಕೊಂಡು ಹೋಗಿ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿದರು.

ಅದರಲ್ಲಿ ಇದ್ದದ್ದು ಅವರದೊಂದೇ ಸಾಲು. ಕೆಳಗೆ ಖಾಲಿ. ನಾನು ಬರುವುದಿಲ್ಲವೆಂದು ಅವರು ನನ್ನ ಹೆಸರಿಗೆ ಗೆರೆಯನ್ನೇ ಎಳೆದಿರಲಿಲ್ಲ. ಸಂಕೋಚಪಟ್ಟು, “ಇರಿ, ಎಳೆದುಕೊಡ್ತೀನಿ” ಎಂದು ಕನ್ನಡಕ ಸರಿಮಾಡಿಕೊಂಡರು.

“ಸ್ಕೇಲು ಕೊಡಿ ಸಾರ್” ಎಂದೆ. ಎರಡು ದಿನ ಗಿಟುಕು ಒರೆಸಿದ ಬೆರಳುಗಳು ಇನ್ನೂ ಎಣ್ಣೆಯಾಗಿದ್ದವು. ಸೆರಗಿನಲ್ಲಿ ಒರೆಸಿಕೊಂಡೆ. ಈ ಅಂಚಿನಿಂದ ಆ ಅಂಚಿನವರೆಗೆ ಒಂದು ನೇರವಾದ ಗೆರೆ ಎಳೆದು, ಅದರ ಮೇಲೆ ನನ್ನ ಹೆಸರು ಬರೆದೆ. ಹೊರಗೆ ಯಾರೋ ಗಂಟೆ ಬಾರಿಸಿದರು.